ಹದಿನಾಲ್ಕನೇ ಕಲಮು ಮತ್ತು ಸಚಿವರ ಅಂಕಪಟ್ಟಿ

ಸಚಿವರು ತಿದ್ದಿದ ಶಿಕ್ಷಣ ನಿಯಮ ಮೊದಲು ಅವರಿಗೇ ಅನ್ವಯವಾಗಬೇಕು ಎನ್ನುತ್ತಿತ್ತು ಕಾಯ್ದೆಯ ಹದಿನಾಲ್ಕನೇ ಕಲಮು. ಹಾಗಾಗಿ ಶಾಖಾಧಿಕಾರಿ ಸರ್ವಮಂಗಳಾ ಮೇಜಿನ ಡ್ರಾಯರಿನಲ್ಲಿ ದರ್ಜಿಯ ಟೇಪು ಇಟ್ಟುಕೊಂಡಿರುತ್ತಿದ್ದರು.

ಅಂದು ಹೊಸ ಸಚಿವ ಪಂಚಾಕ್ಷರಪ್ಪ ಕಡತ ತರಿಸಿದರು. ಏಳನೇ ತರಗತಿ ಪಾಸಾಗಲು ಇನ್ನು ಮೂವತ್ತೈದಲ್ಲ, ಅರವತ್ತು ಅಂಕ ಬೇಕಂತೆ, ಈ ವರ್ಷದಿಂದಲೇ. ಸರ್ವಮಂಗಳಾರ ಮಗಳು ಚಾರುಮತಿ ಜ್ವರದಲ್ಲೇ ಏಳನೇ ತರಗತಿ ಪರೀಕ್ಷೆ ಬರೆದು ಐವತ್ತೆರಡು ತೆಗೆದಿದ್ದಳು.

"ಸಾರ್, ಟಿಪ್ಪಣಿ ಒಂದ್ಸಲ ಓದಿಬಿಡಿ. ಹದಿನಾಲ್ಕನೇ ಕಲಮು..."

"ಓದೋದು ನಿಮ್ಮ ಕೆಲಸ ಕಣಮ್ಮ, ಸಹಿ ನಂದು. ಗುಣಮಟ್ಟ ಅಂದ್ರೆ ಏನಂತ ಗೊತ್ತಾ ನಿಮಗೆ?"

"ಹಿಂದಿನ ಇಬ್ಬರು ಸಚಿವರೂ ಹೀಗೇ ಕೇಳಿದ್ರು ಸಾರ್. ಈಗ ಎದುರಿನ ಶಾಲೇಲಿದ್ದಾರೆ."

"ತಪಾಸಣೆಗಾ? ಒಳ್ಳೇದು, ಒಳ್ಳೇದು," ಎನ್ನುತ್ತ ಪಂಚಾಕ್ಷರಪ್ಪ ಸಹಿ ಜಡಿದರು.

ಗೋಡೆಯ ಪರದೆಯ ಮೇಲೆ ಅವರದೇ ಏಳನೇ ತರಗತಿಯ ಅಂಕಪಟ್ಟಿ ಮೂಡಿತು. ಮೂವತ್ತೆಂಟು. ಫೇಲು. ಅದರ ಬೆನ್ನಿಗೇ ಅವರ ಪದವಿ ಹೋಯಿತು, ಖಾತೆ ಹೋಯಿತು. ಏಳನೇ ತರಗತಿ ಫೇಲಾದವರು ನಿಯಮ ತಿದ್ದುವಂತಿರಲಿಲ್ಲವಾಗಿ ಕಡತದ ಮೇಲಿನ ಸಹಿಯೂ ಮಾಯವಾಯಿತು. ನಿಯಮ ಮೂವತ್ತೈದಕ್ಕೇ ಮರಳಿತು. ಚಾರುಮತಿ ಪಾಸು.

"ಸಹಿ ಹೋಯ್ತಲ್ಲಮ್ಮ, ಹಂಗಾದ್ರೆ ನಾನೂ ಪಾಸೇ ಅಲ್ವಾ?"

"ಹೌದು ಸಾರ್. ಅದಕ್ಕೊಂದು ಅರ್ಜಿ ಬರೀಬೇಕು, ಶಿಕ್ಷಣ ಸಚಿವರಿಗೆ."

"ಸಚಿವರು ಯಾರೀಗ?"

"ಹೊಸಬರು ಬರಬೇಕು," ಎಂದು ಸರ್ವಮಂಗಳಾ ಡ್ರಾಯರು ಎಳೆದರು. "ಅಲ್ಲೀವರೆಗೆ ಕೈ ಸ್ವಲ್ಪ ಮೇಲೆತ್ತಿ. ಯೂನಿಫಾರ್ಮಿಗೆ ಸೊಂಟದ ಅಳತೆ ತಗೋತೀನಿ."