ಉಸುಕು ಬರೆದ ಗೆರೆ

"ಅದು ಪ್ಯಾರಾಬೊಲಾ ಅಲ್ಲರಿ, ಸರ."

ಮಾತಾಡಿದವಳು ಸುನಂದಾ ಎಂದು ತಿಳಿಯಲು ತರಗತಿಗೆ ಒಂದು ಗಳಿಗೆ ಹಿಡಿಯಿತು. ಮನಗೂಳಿಯಿಂದ ದಿನಾ ಬಸ್ಸಿನಲ್ಲಿ ಬಾಗೇವಾಡಿಯ ಕಾಲೇಜಿಗೆ ಬರುವ ಈ ಹುಡುಗಿ ಪಿಯುಸಿ ಸೇರಿ ನಾಲ್ಕು ತಿಂಗಳಾದರೂ ಹಾಜರಿ ಹೇಳುವುದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆದಿರಲಿಲ್ಲ. ಹತ್ತನೆಯ ತರಗತಿಯವರೆಗೆ ಓದಿದ್ದೆಲ್ಲ ಕನ್ನಡ, ಇಲ್ಲಿ ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲವೂ ಇಂಗ್ಲಿಷು. ಗಣಿತದ ಟೆಸ್ಟಿನಲ್ಲಿ ಬಂದದ್ದು ಇಪ್ಪತ್ತೈದಕ್ಕೆ ನಾಲ್ಕು. ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೋಗುತ್ತೇನೆಂದು ಅವಳಿಂದ ಅರ್ಜಿ ಬರೆಸಿದವರು ಗಣಿತದ ಬಸಂತರಾಯ ಸರ್ ಅವರೇ. ಕೆಟ್ಟ ಮನಸ್ಸಿನಿಂದಲ್ಲ, ಹುಡುಗಿ ಸುಮ್ಮನೆ ಒದ್ದಾಡುವುದು ಬೇಡವೆಂದು. ಅಪ್ಪನ ಸಹಿ ಆಗಿತ್ತು. ಸರ್ ಸಹಿಯೊಂದು ಬಾಕಿ, ಅರ್ಜಿ ಅವರ ಜೇಬಿನಲ್ಲೇ ಇತ್ತು, ಇವತ್ತೇ ಕೊನೆಯ ದಿನ. ಗಣಿತ ಬಿಡಬೇಕಲ್ಲ ಎಂದು ಸುನಂದಾ ಬೆಳಗ್ಗೆ ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತಿದ್ದಳು.

ಶಂಕುವನ್ನು ಕೊಯ್ದರೆ ಸಿಗುವ ಗೆರೆಗಳ ಪಾಠ ನಡೆದಿತ್ತು. ಅಡ್ಡ ಕೊಯ್ದರೆ ವೃತ್ತ, ತುಸು ಓರೆ ಕೊಯ್ದರೆ ತತ್ತಿಯಾಕಾರದ ದೀರ್ಘವೃತ್ತ, ಶಂಕುವಿನ ಇಳಿಜಾರಿಗೆ ಸಮಾಂತರವಾಗಿ ಕೊಯ್ದರೆ ಪ್ಯಾರಾಬೊಲಾ, ಅದಕ್ಕಿಂತ ನೆಟ್ಟಗೆ ಕೊಯ್ದರೆ ಹೈಪರ್‌ಬೊಲಾ. ಗೋಡೆಗೆ ತಾಗಿದ ಜೋಳದ ರಾಶಿಯ ಉದಾಹರಣೆಯನ್ನು ಸರ್ ಇಪ್ಪತ್ತೆರಡು ವರ್ಷದಿಂದ ಕೊಡುತ್ತ ಬಂದಿದ್ದರು. ಇವತ್ತು ಅವರ ಅದೃಷ್ಟಕ್ಕೆ ಕಿಟಕಿಯಾಚೆಯೇ ಒಂದು ರಾಶಿ ಇತ್ತು. ಹೊಸ ಕೋಣೆ ಕಟ್ಟಲು ಗೌಂಡಿಗಳು ಸೋಸಿದ ಉಸುಕನ್ನು ಕಂಪೌಂಡಿನ ಇಟ್ಟಿಗೆ ಗೋಡೆಯ ಪಕ್ಕ ಬುಟ್ಟಿ ಬುಟ್ಟಿಯಾಗಿ ಸುರಿದಿದ್ದರು. "ಉಸುಕು ಗ್ವಾಡಿಗೆ ತಾಗಿದಲ್ಲಿ ಕಮಾನಿನಂಗ ಗೆರಿ ಕಾಣ್ತೈತಲ್ಲ, ಅದ ಪ್ಯಾರಾಬೊಲಾ" ಎಂದು ಸರ್ ಕೈ ತೋರಿಸಿದ್ದೇ ತಡ, ಸುನಂದಾಳ ಬಾಯಿಂದ ಆ ಮಾತು ಬಂದಿತ್ತು.

"ಅಲ್ಲಂದ್ರ ಮತ್ತೇನದು?" ಸರ್ ಕನ್ನಡಕ ಹಣೆಗೇರಿಸಿದರು.

"ಹೈಪರ್‌ಬೊಲಾರಿ."

"ಯಾವ ಪುಸ್ತಕದಾಗ ಐತಿ?"

"ಪುಸ್ತಕದಾಗ ಅಲ್ಲರಿ. ನಮ್ಮನಿ ಗ್ವಾಡಿ ಮ್ಯಾಲ ಐತ್ರಿ."

ಇಡೀ ತರಗತಿ ಗೊಳ್ಳೆಂದಿತು. ಸುನಂದಾಳ ಕಿವಿ ಕೆಂಪಾದವು. ಆದರೆ ಬಾಯಿ ಒಮ್ಮೆ ತೆರೆದದ್ದಾಗಿತ್ತು, ಇನ್ನು ಮುಚ್ಚಿ ಉಳಿಸಿಕೊಳ್ಳುವುದೇನೂ ಇರಲಿಲ್ಲ. "ವರ್ಷಾ ಪಡಸಾಲ್ಯಾಗ ಗ್ವಾಡಿ ಬಾಜೂಕ ಜ್ವಾಳದ ರಾಶಿ ಹಾಕ್ತೀವ್ರಿ. ಯಾರರ ಒಂದ ಬೊಗಸಿ ತಗದ್ರೂ ಗೊತ್ತಾಗ್ಲಿ ಅಂತ ನಮ್ಮ ಆಯಿ ಶಂಕ್ರೆವ್ವ ರಾಶಿ ಅಂಚಿಗುಂಟ ಇದ್ದಲಿಲೆ ಗೆರಿ ಹೊಡೀತಾಳ. ಜ್ವಾಳ ಖಾಲಿ ಆದ್ರೂ ಗೆರಿ ಹಂಗ ಉಳೀತಾವು. ಆ ಗ್ವಾಡಿ ಮುಂದ ಕುಂತ ಓದಿ ಬೆಳದಾಕಿ ನಾ. ಗೆರಿ ನೆತ್ತಿಮ್ಯಾಗ ಬಾಗಿರ್ತಾವ್ರಿ, ಕೆಳಗ ಇಳದಂಗೆಲ್ಲಾ ಬಾಗೂದ ಬಿಟ್ಟ ಸೀದಾ ಆಕ್ಕೋಂತ ಹೋಗ್ತಾವು. ಮತ್ತ ಗ್ವಾಡಿ ರಾಶಿಯ ಇಳಿಜಾರಿನಂಗ ಓರಿ ಇಲ್ಲಲ್ರಿ, ನೆಟ್ಟಗ ನಿಂತೈತಿ."

ಸರ್ ಬೋರ್ಡಿನ ಚಿತ್ರ ನೋಡಿದರು, ಕಿಟಕಿಯಾಚೆ ನೋಡಿದರು, ಮತ್ತೆ ಬೋರ್ಡು ನೋಡಿದರು. "ಎಲ್ಲಾರೂ ಹೊರಗ ನಡೀರಿ, ಅಳದ ನೋಡೂಣು. ಪ್ಯಾರಾಬೊಲಾ ಇದ್ರ, ತುದಿಯಿಂದ ಬಾಜೂಕ ಎಲ್ಡ ಪಟ್ಟ ಸರದ್ರ ಗೆರಿ ನಾಕ ಪಟ್ಟ ಇಳೀಬೇಕು."

ತುದಿಯ ಮಟ್ಟದ ಇಟ್ಟಿಗೆ ಸಾಲನ್ನು ಗುರುತು ಹಿಡಿದು ಸುನಂದಾ ಪಕ್ಕಕ್ಕೆ ಎರಡು ಗೇಣು ಹಾಕಿದಳು. ಅಲ್ಲಿಂದ ಕೆಳಗೆ ಉಸುಕಿನ ಅಂಚಿಗೆ ಏಳು ಬೆರಳು. ಸರ್ ಜೇಬಿಗೆ ಕೈ ಹಾಕಿ ಸಿಕ್ಕ ಕಾಗದದ ಹಿಂಬದಿಗೆ ಏಳು ಎಂದು ಬರೆದರು. ಅದರ ಕೆಳಗೆ, ನಾಲ್ಕು ಗೇಣಿಗೆ ಬರಬೇಕಾದದ್ದು ಇಪ್ಪತ್ತೆಂಟು ಎಂದೂ ಬರೆದಿಟ್ಟರು. ಸುನಂದಾ ಇನ್ನೆರಡು ಗೇಣು ಸರಿದು ಒಂದೊಂದೇ ಬೆರಳು ಇಳಿಸತೊಡಗಿದಳು. ನಗುತ್ತಿದ್ದವರೇ ಈಗ ಅವಳ ಜೊತೆ ದನಿಗೂಡಿಸಿ ಎಣಿಸುತ್ತಿದ್ದರು. "ಹತ್ತೊಂಬತ್ತು... ಇಪ್ಪತ್ತು... ಇಪ್ಪತ್ತೊಂದು."

ಬೆರಳು ಉಸುಕಿಗೆ ತಾಗಿತು.

ಸರ್ ಮಂಡಿಯೂರಿ ಕುಳಿತು ತಾವೇ ಮತ್ತೊಮ್ಮೆ ಅಳೆದರು. ಅವರ ಬೆರಳು ದಪ್ಪ, ಗೇಣು ದೊಡ್ಡದು, ಲೆಕ್ಕ ತುಸು ಹಿಂದೆಮುಂದಾಯಿತು. ಆದರೆ ನಾಲ್ಕು ಪಟ್ಟು ಬರಲೇ ಇಲ್ಲ, ಮೂರರ ಹತ್ತಿರವೇ ನಿಂತಿತು. ಕಾಗದದ ಇಪ್ಪತ್ತೆಂಟನ್ನು ಹೊಡೆದುಹಾಕಿ ಇಪ್ಪತ್ತೊಂದು ಎಂದು ಬರೆದು, ಅಡಿಗೆ ಎರಡು ಗೆರೆ ಎಳೆದರು. ಆಮೇಲೆ ಪ್ಯಾಂಟಿನ ಉಸುಕು ಕೊಡವುತ್ತ ಜೋರಾಗಿ ನಕ್ಕರು. "ಇಪ್ಪತ್ತೆರಡ ವರ್ಷ ತಪ್ಪ ಹೇಳೇನಲ್ಲೋ ಯಪ್ಪಾ! ಈ ಹುಡುಗಿ ಖರೆ. ಹೈಪರ್‌ಬೊಲಾನ ಇದು."

ಹುಡುಗರು ಸಿಳ್ಳೆ ಹೊಡೆದರು. ಮುಂದಿನ ಬೆಂಚಿನ ಹುಡುಗಿಯರು ಓಡಿಬಂದು ಅವಳ ಭುಜ ಹಿಡಿದು ಕುಲುಕಿದರು. ಸುನಂದಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಸುಕು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಎರಡನ್ನೂ ಮಾಡಿದಳು.

ಅಷ್ಟರಲ್ಲಿ ಆಫೀಸಿನ ಕಡೆಯಿಂದ ಗುಮಾಸ್ತ ಅಫ್ರೋಜ ಬಂದ. "ಸರ, ಆರ್ಟ್ಸಿಗೆ ಹೋಗು ಹುಡುಗಿ ಅರ್ಜಿ ಸಹಿ ಆತೇನ್ರಿ? ಇವತ್ತ ಕೊಟ್ರ ಆತು, ನಾಳೆ ತಗೊಳ್ಳೂದಿಲ್ಲಂತ."

ಸರ್ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ನೋಡಿದರು. ಸುನಂದಾಳ ಅರ್ಜಿ ಅದೇ. ಮತ್ತೆ ಹಿಂಬದಿಗೆ ತಿರುಗಿಸಿ, ಏಳು, ಇಪ್ಪತ್ತೊಂದು, ಅಡಿಯ ಎರಡು ಗೆರೆಗಳನ್ನು ನೋಡಿ, ನಾಲ್ಕಾಗಿ ಮಡಚಿ ಅವಳ ಕೈಗಿಟ್ಟರು.

"ಇದನ್ನ ಕೊಡಾಕ ಬರೂದಿಲ್ಲ, ಅಫ್ರೋಜ. ಇದರ ಮ್ಯಾಲ ಗಣಿತ ಆಗೇತಿ."