ಪುಂಡಿ ಸೊಪ್ಪು, ಎರಡು ಕಟ್ಟು

ಪುಂಡಿ ಸೊಪ್ಪು ಬಿಡಿಸುವಾಗ ಬೆರಳಿಗೆ ಹತ್ತುವ ಹುಳಿ ವಾಸನೆಗೆ ಇವತ್ತಿಗೂ ನನಗೊಂದು ಕಬ್ಬಿಣದ ಸರಳು ನೆನಪಾಗುತ್ತದೆ.

ನಾನು ಚಿಕ್ಕಂದಿನಲ್ಲಿದ್ದ ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ನಮ್ಮ ಎದುರುಮನೆಗೆ ಆಗಷ್ಟೇ ಸೇಲಂ ಕಡೆಯ ಸಂಸಾರ ಬಂದಿತ್ತು. ಒಂದು ಮಧ್ಯಾಹ್ನ ಹೊಳೆಹೊನ್ನೂರಿನ ಸೊಪ್ಪಿನ ಗಂಗಮ್ಮ ಅಲ್ಲಿ ಬುಟ್ಟಿ ಇಳಿಸಿ, ಬಾಗಿಲಲ್ಲಿದ್ದ ಸೊಸೆಗೆ, "ಪುಂಡೀ... ಪುಂಡಿ ಬೇಕೇನವ್ವಾ?" ಎಂದಳು.

ಒಳಗಿಂದ ಗಂಡ ಕಬ್ಬಿಣದ ಸರಳು ಹಿಡಿದು ಬಂದ. "ಯಾರ್ಗೆ ಹೇಳ್ದೆ ಅದು? ನನ್ ಹೆಂಡ್ತಿಗಾ?"

ಅವರ ತಮಿಳಿನಲ್ಲಿ ಅದು ಹೊಲಸು ಬೈಗುಳದಂತೆ ಕೇಳುತ್ತದೆಂದು ನನಗಾಗಲಿ ಗಂಗಮ್ಮನಿಗಾಗಲಿ ಗೊತ್ತಿರಲಿಲ್ಲ. ಸರಳು ಮೇಲೆದ್ದಿತು. "ಸೊಪ್ಪು ಮಾರೋದೂ ತಪ್ಪೇನೋ ಮಾರಾಯಾ!" ಎನ್ನುತ್ತ ಅವಳು ಒಂದು ಕಟ್ಟನ್ನೇ ತಲೆಗೆ ಅಡ್ಡ ಹಿಡಿದಳು.

ಅವನ ತಾಯಿ ಓಡಿಬಂದು ಆ ಕಟ್ಟಿನಿಂದ ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡಳು. ಹುಳಿಗೆ ಅವಳ ಕಣ್ಣು ಕಿರಿದಾಯಿತು. "ಡೇಯ್, ಪುಳಿಚ್ಚ ಕೀರೆಡಾ ಇದು!" ಹುಳಿ ಸೊಪ್ಪು ಕಣೋ ಎಂದು ನಕ್ಕೇಬಿಟ್ಟಳು. ಸರಳು ಮೆಲ್ಲಗೆ ಇಳಿಯಿತು.

ರಾತ್ರಿ ಊಟಕ್ಕೆ ಕೂತಾಗ, ತಮಿಳಲ್ಲಿ ಪುಂಡಿ ಅಂದರೇನೆಂದು ಅಮ್ಮನನ್ನು ಕೇಳಿದೆ. "ಹುಳಿ ಅಂತ. ಸುಮ್ನೆ ಉಣ್ಣು" ಎಂದಳು.

ಮರುವಾರ ಗಂಗಮ್ಮ ಬುಟ್ಟಿ ಇಳಿಸಿದಾಗ ಅವನೇ ಬಾಗಿಲಿಗೆ ಬಂದು, ನೆಲ ನೋಡುತ್ತ, "ಅಕ್ಕಾ, ಅದು... ಎರಡು ಕಟ್ಟು ಕೊಡಿ" ಎಂದ.

"ಯಾವ್ದು? ಹೆಸ್ರು ಹೇಳು ಮತ್ತೆ!" ಎಂದಳು ಗಂಗಮ್ಮ, ಮೂರನೆಯ ಕಟ್ಟನ್ನೂ ಅವನ ಕೈಗಿಡುತ್ತ.