ಉಳಿದೊಂದು ಚೀಟಿ

ಹುಬ್ಬಳ್ಳಿಯ ಆ ಲೇಡೀಸ್ ಪಿ.ಜಿ.ಗೆ ಕ್ಯಾಮೆರಾ ಬಂದ ದಿನದಿಂದ ದಾಕ್ಷಾಯಿಣಿಗೆ ಮೈಮೇಲೆ ಇರುವೆ ಹರಿದಾಡಿದ ಹಾಗಾಗುತ್ತಿತ್ತು. ವರಾಂಡ ದಾಟುವಾಗಲೆಲ್ಲ ದುಪಟ್ಟಾ ಎಳೆದುಕೊಳ್ಳುತ್ತಿದ್ದಳು. ಕೊನೆಗೆ ತಡೆಯಲಾರದೆ ಮಾಲೀಕನ ಎದುರು ನಿಂತಳು.

“ಕಾಕಾ, ಎಲ್ಲೆಲ್ಲಿ ಕ್ಯಾಮೆರಾ ಅದಾವು, ಯಾರು ನೋಡ್ತಾರ ಅಂತ ನಮಗ ತಿಳಿಸಬೇಕ್ರಿ. ಕಾಯ್ದೆ ಐತಿ.”

“ನಿಮ್ಮ ಕಾವಲಿಗೇ ಹಾಕ್ಸೀನವಾ. ಗೇಟಿಗೊಂದು, ವರಾಂಡಕ್ಕೊಂದು. ಕುಂತು ನೋಡಾಕ ನನಗೆಲ್ಲೈತಿ ಪುರುಸೊತ್ತು?”

“ಹಂಗಾರ ಚೀಟಿ ಹಚ್ಚಾಕ ಏನ್ ತ್ರಾಸು? ಇಲ್ಲಾಂದ್ರ ಕಂಪ್ಲೇಂಟ್ ಕೊಡ್ತೀವಿ ನೋಡ್ರಿ.”

ಮರುದಿನ ಮಾಲೀಕ ‘ನೀವು ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ’ ಎಂಬ ಚೀಟಿಗಳನ್ನು ಅಚ್ಚು ಹಾಕಿಸಿ ತಂದ. ಕೆಳಗಿನ ಮನೆಯಲ್ಲಿ ದಿನವಿಡೀ ಟಿ.ವಿ. ಮುಂದೆ ಕೂತಿರುವ ಮುದಿ ತಾಯಿಯ ಕೈಗೆ ಕಟ್ಟನ್ನು ತುರುಕಿ, “ಕ್ಯಾಮೆರಾ ಇದ್ದಲ್ಲೆಲ್ಲ ಹಚ್ಚಬೇ ಯವ್ವಾ” ಎಂದವನೇ ಬೈಕ್ ಹತ್ತಿದ.

ಅಜ್ಜಿ ಗೇಟಿಗೆ ಹಚ್ಚಿದಳು, ವರಾಂಡಕ್ಕೂ ಹಚ್ಚಿದಳು. ಅದನ್ನು ಕಣ್ಣಾರೆ ನೋಡಿದರೂ ದಾಕ್ಷಾಯಿಣಿಯ ಚಡಪಡಿಕೆ ಇಳಿಯಲಿಲ್ಲ. ತನ್ನ ಖೋಲಿಗೆ ಹೋಗಿ ಚಿಲಕ ಹಾಕಿದ ಮೇಲಷ್ಟೇ ದುಪಟ್ಟಾ ತೆಗೆದು ಮಂಚಕ್ಕೆ ಎಸೆದು, ಬಾಚಣಿಗೆ ಹಿಡಿದು ಗೋಡೆಯ ಕನ್ನಡಿ ಮುಂದೆ ನಿಂತು ಉಸಿರುಬಿಟ್ಟಳು.

ಬಾಗಿಲು ಬಡಿದ ಸದ್ದಾಯಿತು.

“ಯಾರು?”

“ನಾನವ್ವ, ಬಾಗಿಲಾ ತಗಿ,” ಅಜ್ಜಿಯ ದನಿ. “ನಮ್ಮ ಟಿ.ವ್ಯಾಗ ಕಾಣೋ ಜಾಗಕ್ಕೆಲ್ಲ ಹಚ್ಚೀನಿ. ನೀ ದಿನಾ ನಿಂತು ತಲಿ ಬಾಚ್ಕೊಂತಿಯಲ್ಲ, ಅಲ್ಲೀದೊಂದ ಉಳದೈತಿ.”